ಕಡೂರು ಸೀಮೆಯ ಡೊಳ್ಳು, ಕರಡೆ, ತಮಟೆ

ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಲ್ಲಿ ಚರ್ಮವಾದ್ಯದ ಸದ್ದಿಲ್ಲದೆ ದೇವರು ಗುಡಿ ಬಿಟ್ಟು ಹೊರಡುವುದಿಲ್ಲ. ಡೊಳ್ಳು ಬೀರೇಶ್ವರನಿಗೆ, ಕರಡೆ–ಸಂಬಾಳ ವೀರಭದ್ರನಿಗೆ, ಡಮರುಗ ಮೈಲಾರಲಿಂಗನಿಗೆ, ತಮಟೆ ಊರಮ್ಮನಿಗೆ ಎಂಬುದು ಹಿಂದಿನಿಂದ ಬಂದ ಕಟ್ಟು. ಒಂದೊಂದು ವಾದ್ಯವನ್ನು ಒಂದೊಂದು ಸಮುದಾಯ ತಲೆಮಾರುಗಳಿಂದ ನುಡಿಸಿಕೊಂಡು ಬಂದಿದೆ. ದೇವರ ಸೇವೆ, ಊರಿನ ಚಾಕರಿ ಎಂದು ನಡೆಯುತ್ತಿದ್ದ ಈ ಕೆಲಸಕ್ಕೆ ಕಲೆಯೆಂಬ ಗೌರವ ಸಿಕ್ಕಿದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ.

ಈ ಸೀಮೆ ಹಳೆಯದು. ತರೀಕೆರೆ ಸಮೀಪದ ಅಮೃತಪುರದಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಕಾಲದ ಅಮೃತೇಶ್ವರ ದೇವಾಲಯ 1196ರಲ್ಲಿ ಎದ್ದಿತು. ಕುಣಿಯುವ ಶಿವನ ಪಕ್ಕದಲ್ಲಿ ಮದ್ದಳೆ ಬಾರಿಸುವವರನ್ನು ಕಡೆಯುವುದು ಹೊಯ್ಸಳ ಶಿಲ್ಪಿಗಳ ರೂಢಿಯಾಗಿತ್ತು. ಮೈಸೂರು ಸಂಸ್ಥಾನದಲ್ಲಿ ಇಡೀ ಜಿಲ್ಲೆಗೇ ಕಡೂರು ಜಿಲ್ಲೆಯೆಂಬ ಹೆಸರಿತ್ತು. ಅಜ್ಜಂಪುರ ಇತ್ತೀಚಿನವರೆಗೂ ತರೀಕೆರೆ ತಾಲ್ಲೂಕಿನ ಭಾಗವಾಗಿತ್ತು.

ಡೊಳ್ಳು ಹಾಲುಮತದವರ, ಅಂದರೆ ಕುರುಬರ ವಾದ್ಯ. ತನ್ನನ್ನು ನುಂಗಿದ ಡೊಳ್ಳಾಸುರನ ಹೊಟ್ಟೆಯನ್ನು ಬಗೆದು ಹೊರಬಂದ ಶಿವ, ಅವನ ಚರ್ಮದಿಂದಲೇ ಡೊಳ್ಳು ಮಾಡಿಸಿದನೆಂದು ಐತಿಹ್ಯ. ಮರದ ದಪ್ಪ ಕಳಸಿಗೆಯ ಎರಡೂ ಬಾಯಿಗೆ ಆಡು–ಕುರಿಗಳ ಚರ್ಮ ಹೊದಿಸಿ ಹಗ್ಗದಿಂದ ಬಿಗಿಯುತ್ತಾರೆ. ಆಟಗಾರ ಅದನ್ನು ಹೆಗಲಿಗೆ ನೇತುಹಾಕಿಕೊಂಡು, ಒಂದು ಕಡೆಗೆ ಗುಣಿಯೆಂಬ ಕೋಲಿನಿಂದ, ಇನ್ನೊಂದು ಕಡೆಗೆ ಬರಿಗೈಯಿಂದ ಬಡಿಯುತ್ತಾನೆ. ಕೋಲಿನ ಪೆಟ್ಟು ಗುಡುಗಿದರೆ ಅಂಗೈಯ ಪೆಟ್ಟು ನಡೆಯನ್ನು ಕೂಡಿಸುತ್ತದೆ. ಹತ್ತು–ಹನ್ನೆರಡು ಮಂದಿ ಸುತ್ತುಗಟ್ಟಿ ಕುಣಿಯುವಾಗ ತಾಳ ಹಿಡಿದವನ ಸನ್ನೆಗೆ ಎಲ್ಲರ ಪೆಟ್ಟೂ ಒಂದೇ ಆಗಿ ಬೀಳಬೇಕು. ಭಾರವಾದ ಡೊಳ್ಳನ್ನು ಹೊತ್ತು ಕೂತು ಏಳುವುದಕ್ಕೆ, ಒಬ್ಬರ ಹೆಗಲ ಮೇಲೆ ಒಬ್ಬರು ನಿಂತು ಬಾರಿಸುವುದಕ್ಕೆ ರಟ್ಟೆಯ ಬಲದಷ್ಟೇ ಉಸಿರಿನ ಹಿಡಿತವೂ ಬೇಕು.

ವೀರಭದ್ರನ ಕುಣಿತವಾದ ವೀರಗಾಸೆಯ ಕಥೆ ದಕ್ಷಯಜ್ಞದ್ದು. ಕಾವಿ ಉಡುಪು, ರುದ್ರಾಕ್ಷಿ, ಎದೆಗೆ ವೀರಭದ್ರನ ಹಲಗೆ, ಕಾಲಿಗೆ ಗೆಜ್ಜೆ, ಕೈಯಲ್ಲಿ ಕತ್ತಿ ಇದರ ವೇಷ. ಕರಡೆ, ಸಂಬಾಳ, ತಾಳ, ಮುಖವೀಣೆ ಹಿಮ್ಮೇಳ. ಸಂಬಾಳ ಸೊಂಟಕ್ಕೆ ಕಟ್ಟಿಕೊಂಡು ಕಡ್ಡಿಗಳಿಂದ ಬಾರಿಸುವ ಜೋಡಿವಾದ್ಯ. ಕುಣಿಯುವವರಲ್ಲಿ ಒಬ್ಬ ಒಡಪು ಹೇಳುವಾಗ ವಾದ್ಯ ನಿಲ್ಲುತ್ತದೆ. ಮಾತು ಮುಗಿದೊಡನೆ ಕರಡೆ ಮತ್ತೆ ಮೇಲೇಳುತ್ತದೆ. ಈ ನಿಲುಗಡೆ ತಪ್ಪದ ಹಾಗೆ ನೋಡಿಕೊಳ್ಳುವುದು ವಾದ್ಯಗಾರನ ಹೊಣೆ. ಲಿಂಗಾಯತರಲ್ಲಿ ಮದುವೆ, ಗುಗ್ಗಳಗಳಿಗೆ ವೀರಗಾಸೆ ಬರುವ ಪದ್ಧತಿ ಇಂದಿಗೂ ಇದೆ.

ಕಡೂರು ತಾಲ್ಲೂಕಿನ ಬೀರೂರಿನಲ್ಲಿ ದಸರೆಯ ಸಮಯಕ್ಕೆ ಮೈಲಾರಲಿಂಗಸ್ವಾಮಿಯ ಕಾರ್ಣಿಕ ನಡೆಯುತ್ತದೆ. ಅಲ್ಲಿ ಕಂಬಳಿ ತೊಟ್ಟ, ಮೈಲಾರನ ಭಕ್ತರಾದ ಗೊರವರು ಕೊಳಲೂದುತ್ತ ಡಮರುಗ ನುಡಿಸುತ್ತಾರೆ. ಮಳೆ–ಬೆಳೆಯ ಮುನ್ಸೂಚನೆಯೆಂದು ರೈತರು ಕಾರ್ಣಿಕದ ನುಡಿಗೆ ಕಾಯುವುದರಿಂದ ಅಲ್ಲಿ ಸೇರುವ ಜನ ಬಹಳ.

ತಮಟೆಯ ಇತಿಹಾಸದಲ್ಲಿ ನೋವಿದೆ. ಊರಮ್ಮನ ಹಬ್ಬಕ್ಕೆ, ಸಾವಿನ ಮೆರವಣಿಗೆಗೆ, ಡಂಗುರ ಸಾರುವುದಕ್ಕೆ ಬಾರಿಸುವ ಕೆಲಸವನ್ನು ದಲಿತರ ಮೇಲೆ ಹೊರಿಸಲಾಗಿತ್ತು. ಹುಲ್ಲಿನ ಬೆಂಕಿಗೆ ತಮಟೆ ಕಾಯಿಸಿ, ಬೆರಳಿನಿಂದ ತಟ್ಟಿ ಕಾವು ನೋಡಿ, ನಾದ ಎದ್ದ ಮೇಲೆಯೇ ಹೆಗಲಿಗೇರಿಸುವ ಕುಶಲಿಗೆ ಗುಡಿಯೊಳಗೆ ಪ್ರವೇಶವಿರಲಿಲ್ಲ. 1955ರ ಧಾರ್ಮಿಕ ಇನಾಂ ರದ್ದತಿ ಕಾಯ್ದೆ ದೇವರ ಸೇವೆಗೂ ಜಮೀನಿಗೂ ಇದ್ದ ನಂಟನ್ನು ಸಡಿಲಿಸಿತು. 1961ರ ಗ್ರಾಮ ಕಚೇರಿಗಳ ರದ್ದತಿ ಕಾಯ್ದೆ ತೋಟಿ, ತಳವಾರರ ವಂಶಪಾರಂಪರ್ಯ ಚಾಕರಿಯನ್ನು ಕೊನೆಗೊಳಿಸಿತು. ತರೀಕೆರೆಯ ನೆರೆಯ ಭದ್ರಾವತಿಯಲ್ಲಿ ಅಧ್ಯಾಪಕರಾಗಿದ್ದ ಬಿ. ಕೃಷ್ಣಪ್ಪ 1970ರ ದಶಕದಲ್ಲಿ ಕಟ್ಟಿದ ದಲಿತ ಸಂಘರ್ಷ ಸಮಿತಿ ಬಿಟ್ಟಿ ಚಾಕರಿಯನ್ನು ನೇರವಾಗಿ ಪ್ರಶ್ನಿಸಿತು. ಅವಮಾನದ ಗುರುತಾಗಿದ್ದ ತಮಟೆ ಹೋರಾಟದ ಹಾಡುಗಳ ಜೊತೆಗೂ ಮೊಳಗಿತು.

ಇದೇ ಕಾಲಕ್ಕೆ ವಾದ್ಯಗಳು ವೇದಿಕೆಗೆ ಬಂದವು. 1979ರಲ್ಲಿ ಎಚ್.ಎಲ್. ನಾಗೇಗೌಡರು ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿದರು. ಸರ್ಕಾರದ ಅಕಾಡೆಮಿಯೂ ಜನಪದ ಕಲಾವಿದರನ್ನು ಗುರುತಿಸತೊಡಗಿತು. ಡೊಳ್ಳು, ವೀರಗಾಸೆ ತಂಡಗಳು ಮೈಸೂರು ದಸರಾ ಮೆರವಣಿಗೆಯಲ್ಲಿ ಹೆಜ್ಜೆ ಹಾಕಿದವು. ಗಂಡಸರಷ್ಟೇ ನುಡಿಸುತ್ತಿದ್ದ ಡೊಳ್ಳನ್ನು ಹೆಣ್ಣುಮಕ್ಕಳ ತಂಡಗಳೂ ಹೆಗಲಿಗೇರಿಸಿದವು. ಇರುಳಿಡೀ ನಡೆಯುತ್ತಿದ್ದ ಕುಣಿತ ವೇದಿಕೆಯಲ್ಲಿ ಕೆಲವೇ ನಿಮಿಷಕ್ಕೆ ಇಳಿಯಿತು. ತಮಟೆಗೆ ಚರ್ಮದ ಬದಲು ಫೈಬರ್ ಹಾಳೆ ಬಂತು. ಅದಕ್ಕೆ ಬೆಂಕಿಯ ಕಾವು ಬೇಕಿಲ್ಲ, ಆದರೆ ಚರ್ಮದ ನಾದವೂ ಇಲ್ಲ.

ನುಡಿಸುವವರ ಹೆಸರು ಉಳಿಯದಿರುವುದು ಈ ಪರಂಪರೆಯ ದೊಡ್ಡ ಕೊರತೆ. ಬೆಂಗಳೂರಿನ ಅರಮನೆ ಮೈದಾನಕ್ಕೆ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬಂದಾಗ, ಹೆವಿ ಮೆಟಲ್ ಮೆಚ್ಚುವ ಯುವಜನರಿಗೆ ನಿಕೋ ಮೆಕ್‌ಬ್ರೇನ್, ಲಾರ್ಸ್ ಉಲ್ರಿಕ್ ಎಂಬ ಡ್ರಮ್ಮರ್‌ಗಳ ಹೆಸರು ಬಾಯಿಪಾಠವಾಗಿತ್ತು. ಅಷ್ಟೇ ಅಬ್ಬರದ, ಅಷ್ಟೇ ಲೆಕ್ಕಾಚಾರದ ಡೊಳ್ಳು ಬಾರಿಸುವವರನ್ನು ಊರಿನವರು ಬಲ್ಲರು. ಆದರೆ ದಾಖಲೆಗಳಲ್ಲಿ ಸಿಗುವುದು ಮೇಳದ ಅಥವಾ ಊರಿನ ಹೆಸರಷ್ಟೇ. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು. ಚರ್ಮವಾದ್ಯದವರ ಹೆಸರನ್ನು ದೇಶವೇ ಬರೆದಿಟ್ಟುಕೊಂಡ ಅಪರೂಪದ ಸಂದರ್ಭವದು. ಕಡೂರು, ತರೀಕೆರೆ, ಅಜ್ಜಂಪುರದ ವಾದ್ಯಗಾರರ ಹೆಸರು, ಅವರು ಬಲ್ಲ ಗತ್ತುಗಳು, ಅವರಿಗೆ ಕಲಿಸಿದವರ ವಿವರಗಳನ್ನು ಊರೂರಿನಲ್ಲಿ ಬರೆದಿಡುವ ಕೆಲಸವೂ ಹೀಗೆಯೇ ಆಗಬೇಕಿದೆ.