ತಂತಿ ಕಳ್ಳರು



ವೈಟ್‌ಫೀಲ್ಡಿನ ಗಾಜಿನ ಸೌಧಗಳಿಂದ ಬಡಗಲಿಗೆ ಕೆಲವು ಮೈಲಿ ಹೋದರೆ ಹಳೆಯ ಮದರಾಸು ರಸ್ತೆಯು ಸಿಕ್ಕುವುದಷ್ಟೆ. ಹೊಸಕೋಟೆ, ಕೋಲಾರ, ಮುಳಬಾಗಿಲುಗಳನ್ನು ಹಾಯ್ದು ಘಟ್ಟವಿಳಿದು ಚಿತ್ತೂರು, ಆರ್ಕಾಡುಗಳ ಕಡೆಗೆ ಸಾಗುವ ಈ ದಾರಿಯು, 1882ರಲ್ಲಿ ಚಾಮರಾಜೇಂದ್ರ ಒಡೆಯರವರು ಆಂಗ್ಲೋ-ಇಂಡಿಯನ್ನರ ವಸತಿಗೆಂದು ವೈಟ್‌ಫೀಲ್ಡಿನ ನೆಲವನ್ನು ದಯಪಾಲಿಸಿದುದಕ್ಕಿಂತ ಬಹಳ ಹಿಂದಿನದು. ವರ್ತಕರೂ ಸಿಪಾಯಿಗಳೂ ಯಾತ್ರಿಕರೂ ಓಡಾಡುತ್ತಿದ್ದ ಇಂಥ ದಾರಿಗಳಲ್ಲಿಯೇ ನಾನು ಹೇಳಹೊರಟಿರುವ ಕಥೆಯು ನಡೆದುದು.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ ಬೆಂಗಳೂರಿನ ಆಸುಪಾಸಿನಲ್ಲಿ ಸುಮಾರು ನೂರು ಮಂದಿ ಸೆರೆಸಿಕ್ಕರು. ದಾರಿಹೋಕರ ಕೊರಳಿಗೆ ಉರುಲು ಬಿಗಿದು ಕೊಲ್ಲುವ ಗುಂಪಿನವರು ಇವರೆಂಬುದು ಕಂಪನಿ ಸರ್ಕಾರದವರಿಗೆ ಆಗ ಹೊಳೆಯಲೇ ಇಲ್ಲ. 1807ರಲ್ಲಿ ಚಿತ್ತೂರು, ಆರ್ಕಾಡುಗಳ ನಡುವೆ ಇನ್ನೊಂದು ತಂಡವು ಸಿಕ್ಕಿಬಿದ್ದ ಮೇಲೆಯೇ ಸಂಗತಿಯು ಬಯಲಾಗತೊಡಗಿದುದು. ಮದರಾಸಿನ ವೈದ್ಯ ಷೆರ್‌ವುಡ್ಡನು 1816ರಲ್ಲಿ ಇವರನ್ನು ಕುರಿತು ಬರೆದ ಪ್ರಬಂಧದಲ್ಲಿ, ಕನ್ನಡಿಗರು ಇವರನ್ನು ‘ತಂತಿ ಕಳ್ಳರು’ ಎನ್ನುವರೆಂದು ಗುರುತಿಸಿದನು. ಹೆಸರೆಂಬುದು ಒಂದು ದಿನದಲ್ಲಿ ಹುಟ್ಟತಕ್ಕುದಲ್ಲ. ಅಧಿಕಾರಿಗೆ ತಿಳಿಯದ ಸಂಗತಿಯು ದಾರಿಹೋಕನಿಗೆ ಚೆನ್ನಾಗಿ ತಿಳಿದಿದ್ದಿತೆಂದೇ ನನ್ನ ಎಣಿಕೆ.

ಇವರು ಕಾಡಿನಲ್ಲಿ ಹೊಂಚುತ್ತಿದ್ದ ದರೋಡೆಗಾರರಲ್ಲ. ಜೊತೆಯ ಪ್ರಯಾಣಿಕರಂತೆ ಬಂದು, ಸವಿಮಾತನಾಡಿ, ಒಂದೇ ಒಲೆಯ ಅಡಿಗೆ ಉಂಡು, ನಿರ್ಜನ ಸ್ಥಳದಲ್ಲಿ ಸನ್ನೆಯಾದೊಡನೆ ಬಟ್ಟೆಯ ಉರುಲನ್ನು ಬಿಗಿಯುತ್ತಿದ್ದರು. ಹೆಣವನ್ನು ಹೂಳುತ್ತಿದ್ದುದರಿಂದ ದೂರು ಕೊಡಲು ಯಾರೂ ಉಳಿಯುತ್ತಿರಲಿಲ್ಲ. ಸ್ವಂತ ಊರಿನಲ್ಲಿ ಇವರು ಸಾಧು ಬೇಸಾಯಗಾರರು. ಪಾಲು ಪಡೆದು ಆಶ್ರಯವಿತ್ತ ಪಾಳೆಯಗಾರರೂ ಉಂಟು! ಉತ್ತರದೇಶದಲ್ಲಂತೂ, ರಜದ ಮೇಲೆ ಊರಿಗೆ ಹೋಗುವ ಸಿಪಾಯಿಗಳು ದಾರಿಯಲ್ಲಿ ಅಪರಿಚಿತರ ಸಂಗ ಮಾಡಬಾರದೆಂದು 1810ರಲ್ಲಿ ಸೇನಾನಿ ಸೇಂಟ್ ಲೆಜರನು ಆಜ್ಞೆಯನ್ನೇ ಹೊರಡಿಸಬೇಕಾಯಿತು.

ಮುಂದೆ ಸ್ಲೀಮನ್ನನ ಕಾಲದಲ್ಲಿ ಮಾಫಿಸಾಕ್ಷಿಗಳ ಹೇಳಿಕೆಗಳಿಂದ ಗುಂಪುಗಳು ಒಂದೊಂದಾಗಿ ಒಡೆದವು. ದಾರಿಗಳು ನಿರ್ಭಯವಾದುದು ಸಣ್ಣ ಉಪಕಾರವಲ್ಲ. ಆದರೆ 1836ರ ಕಾಯಿದೆಯ ಮೇರೆಗೆ, ಠಕ್ಕರ ಗುಂಪಿಗೆ ಎಂದಾದರೂ ಸೇರಿದ್ದನೆಂದು ರುಜುವಾತಾದರೆ ಸಾಕು, ಕೊಲೆಯು ರುಜುವಾಗಬೇಕಿರಲಿಲ್ಲ. ಜೀವಾವಧಿ ಕಠಿನ ಸಜೆ. ಇವರದು ವಂಶಪಾರಂಪರ್ಯವಾದ ಕಾಳೀ ಪಂಥವೆಂಬ ಸ್ಲೀಮನ್ನನ ಮಾತನ್ನು ಇತ್ತೀಚಿನ ಇತಿಹಾಸಕಾರರು ಅನೇಕರು ಒಪ್ಪುವುದಿಲ್ಲ. ಕೆಲಸವಿಲ್ಲದ ಸಿಪಾಯಿಗಳೂ ಬಡವರೂ ಇವರಲ್ಲಿದ್ದರೆನ್ನುತ್ತಾರೆ. ಆದರೂ ಆ ಮಾತಿನ ನೆರಳು ಉದ್ದವಾಯಿತು. 1871ರ ಕಾಯಿದೆಯು ಇಡೀ ಜಾತಿಗಳನ್ನೇ ಅಪರಾಧಿಗಳೆಂದು ಬರೆದಿಟ್ಟಿತು. ಅದರ ಮುಂದುವರಿಕೆಯು 1911ರಲ್ಲಿ ಮದರಾಸು ಪ್ರಾಂತಕ್ಕೆ ಬಂದಾಗ ಕೊರವರೂ ಬಲೆಗೆ ಬಿದ್ದರು. ಕಳ್ಳತನ ಮಾಡದವನೂ ಠಾಣೆಗೆ ಹಾಜರಿ ಕೊಡಬೇಕಾಯಿತು. ಅದು ಪೂರ್ತಿಯಾಗಿ ರದ್ದಾದುದು 1952ರಲ್ಲಿ.

ಅದೇ ರಸ್ತೆಯ ಹೊಸಕೋಟೆಯ ಬಳಿ ದಂಡುಪಾಳ್ಯವೆಂಬ ಊರುಂಟು. 1990ರ ದಶಕದಲ್ಲಿ ಮನೆಹೊಕ್ಕು ಕೊಲೆಮಾಡಿದ ಒಂದು ಗುಂಪಿಗೆ ಆ ಊರಿನ ಹೆಸರು ಅಂಟಿತು. 2012ರಲ್ಲಿ ಒಂದು ಚಲನಚಿತ್ರಕ್ಕೂ ಅದೇ ಹೆಸರಾಯಿತು. ಆ ಊರಿನಲ್ಲಿ ಹೊಲ ಉಳುವವರೂ ಪಾಠಶಾಲೆಗೆ ಹೋಗುವ ಮಕ್ಕಳೂ ಇದ್ದಾರೆ.