ಹಳೆಯ ಫೋನಿಗೆ ಎಳೆದ ಗೆರೆ

2021ರ ನವೆಂಬರ್ 1ರಂದು ವಾಟ್ಸಾಪ್ ಒಂದು ಗೆರೆ ಎಳೆಯಿತು. ಆಂಡ್ರಾಯ್ಡ್ 4.1ಕ್ಕಿಂತ ಹಿಂದಿನ ಆವೃತ್ತಿಯ ಫೋನುಗಳಿಗೆ ಅಂದಿನಿಂದ ಅದರ ಬೆಂಬಲ ನಿಂತಿತು. ಅದು ರಾಜ್ಯೋತ್ಸವದ ದಿನವಾಗಿದ್ದು ಕೇವಲ ಕಾಕತಾಳೀಯ. ಆದರೆ 4.1 ಎಂಬ ಅಂಕಿಗೂ ಕನ್ನಡಕ್ಕೂ ನಿಜವಾದ ನಂಟಿದೆ. 2012ರ ಜುಲೈನಲ್ಲಿ ಹೊರಬಂದ ಆ ಆವೃತ್ತಿಯಲ್ಲೇ ಗೂಗಲ್ ಕನ್ನಡ, ತೆಲುಗು, ಮಲಯಾಳಂ ಲಿಪಿಗಳಿಗೆ ಆಂಡ್ರಾಯ್ಡ್‌ನಲ್ಲಿ ಜಾಗ ಕೊಟ್ಟದ್ದು.

ಅದಕ್ಕೂ ಮೊದಲು ಅನೇಕ ಫೋನುಗಳಲ್ಲಿ ಕನ್ನಡವೆಂದರೆ ಸಾಲು ಸಾಲು ಖಾಲಿ ಚೌಕಗಳು. ಅಕ್ಷರಗಳಿಗೆ ಯೂನಿಕೋಡ್ ಸಂಕೇತಗಳು 1991ರಿಂದಲೇ ಇದ್ದವು. ಆದರೆ ಫಾಂಟ್ ಒಂದಿದ್ದರೆ ಸಾಲದು. ‘ಸ್ತ್ರೀ’ ಎಂಬ ಒಂದೇ ಅಕ್ಷರದೊಳಗೆ ಆರು ಸಂಕೇತಗಳಿವೆ. ಅವನ್ನು ಕೂಡಿಸಿ, ಒತ್ತನ್ನು ಕೆಳಗಿಳಿಸಿ, ದೀರ್ಘವನ್ನು ಜಾಗಕ್ಕೆ ಕೂರಿಸುವ ಕೆಲಸ ಕಾರ್ಯಾಚರಣ ವ್ಯವಸ್ಥೆಯದು. ಅದಕ್ಕೆ ಬಾರದಿದ್ದರೆ ಆ್ಯಪ್ ತಾನೇ ದಾರಿ ಹುಡುಕಬೇಕು. ಒಪೆರಾ ಮಿನಿ ಹಾಗೆ ಹುಡುಕಿತು. ವಿಳಾಸದ ಜಾಗದಲ್ಲಿ ‘ಒಪೆರಾ:ಕಾನ್ಫಿಗ್’ ಎಂದು ಇಂಗ್ಲಿಷಿನಲ್ಲಿ ಬರೆದು ಒಂದು ಆಯ್ಕೆ ಬದಲಿಸಿದರೆ, ಕಂಪನಿಯ ಸರ್ವರ್ ಅಕ್ಷರಗಳನ್ನು ಚಿತ್ರಗಳನ್ನಾಗಿ ಮಾಡಿ ಕಳಿಸುತ್ತಿತ್ತು. ಕನ್ನಡವೇ ಬಾರದ ಫೋನಿನಲ್ಲಿ ಎಷ್ಟೋ ಜನ ಕನ್ನಡದ ಬ್ಲಾಗು, ಸುದ್ದಿ ಓದಿದ್ದು ಹೀಗೆ.

4.1 ಬಂದರೂ ಕೈಯಲ್ಲಿದ್ದ ಫೋನುಗಳಿಗೆಲ್ಲ ಅದು ತಲುಪಲಿಲ್ಲ. ಗೂಗಲ್ ಹೊಸ ಆವೃತ್ತಿ ಕೊಟ್ಟ ಮೇಲೆ ಚಿಪ್ ತಯಾರಕರು, ಫೋನ್ ತಯಾರಕರು ತಮ್ಮ ಪಾಲಿನ ಹೊಂದಾಣಿಕೆ ಮಾಡಬೇಕಿತ್ತು. ಅಗ್ಗದ ಫೋನಿಗೆ ಆ ಶ್ರಮ ಪಡುವವರು ಕಡಿಮೆ. ಹೀಗಾಗಿ ಹೊರೆ ಆ್ಯಪ್ ಮಾಡುವವರ ಮೇಲೆ ಬಿತ್ತು. ಗೂಗಲ್ 2011ರ ಮಾರ್ಚ್‌ನಲ್ಲಿ ‘ಸಪೋರ್ಟ್ ಲೈಬ್ರರಿ’ ಕೊಟ್ಟಿತ್ತು. ಹೊಸ ಆವೃತ್ತಿಯ ಕೆಲವು ಸೌಲಭ್ಯಗಳನ್ನು ಆ್ಯಪ್ ತನ್ನ ಬುತ್ತಿಯಲ್ಲೇ ಕಟ್ಟಿಕೊಂಡು ಹಳೆಯ ಫೋನಿಗೆ ಹೋಗಬಹುದಾಗಿತ್ತು. ಬುತ್ತಿ ದೊಡ್ಡದಾದಷ್ಟೂ ಆ್ಯಪ್‌ನ ಗಾತ್ರ ಹೆಚ್ಚು, ಪ್ರತಿ ಆವೃತ್ತಿಯಲ್ಲೂ ಪರೀಕ್ಷಿಸುವ ಕೆಲಸವೂ ಹೆಚ್ಚು. ಆದ್ದರಿಂದಲೇ ಪ್ರತಿ ಆ್ಯಪ್ ತಾನು ಓಡಬಲ್ಲ ಅತಿ ಹಳೆಯ ಆವೃತ್ತಿ ಯಾವುದೆಂದು ಘೋಷಿಸುತ್ತದೆ. ಗೆರೆ ಎಂದರೆ ಅದೇ.

ವಾಟ್ಸಾಪ್ ಬೆಳೆದದ್ದೇ ಈ ಗೆರೆಯನ್ನು ಬಹಳ ಕೆಳಗಿಟ್ಟುಕೊಂಡು. 2009ರಲ್ಲಿ ಐಫೋನಿನಲ್ಲಿ ಶುರುವಾದ ಅದು ಬ್ಲ್ಯಾಕ್‌ಬೆರಿಗೆ, ನೋಕಿಯಾದ ಸಿಂಬಿಯನ್‌ಗೆ, ಕೀಪ್ಯಾಡಿನ ಎಸ್40 ಫೋನುಗಳಿಗೂ ಬಂತು. 2016ರ ಫೆಬ್ರವರಿಯಲ್ಲಿ ಗೆರೆ ಮೇಲೇರತೊಡಗಿತು. ಮುಂದಿನ ಸೌಲಭ್ಯಗಳಿಗೆ ಬೇಕಾದ ಶಕ್ತಿ ಆ ಫೋನುಗಳಿಗಿಲ್ಲ ಎಂದು ಕಂಪನಿ ಹೇಳಿತು. ಆದರೂ ಒಮ್ಮೆಲೇ ಬಾಗಿಲು ಹಾಕಲಿಲ್ಲ. ಕೆಲವಕ್ಕೆ ಗಡುವು ಮುಂದೂಡಿತು. ಎಸ್40 ಫೋನುಗಳು 2018ರ ಕೊನೆಯವರೆಗೆ ಉಳಿದವು, ಆಂಡ್ರಾಯ್ಡ್ 2.3 2020ರ ಫೆಬ್ರವರಿಯವರೆಗೆ.

ಗೆರೆ ಯಾವಾಗಲೂ ಆ್ಯಪ್‌ನವರ ಇಷ್ಟದಂತೆಯೇ ಬೀಳುವುದಿಲ್ಲ. ಜಾಲತಾಣಗಳಿಗೆ ಉಚಿತ ಭದ್ರತಾ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ 2020ರ ನವೆಂಬರ್‌ನಲ್ಲಿ ಒಂದು ಎಚ್ಚರಿಕೆ ಕೊಟ್ಟಿತು. ಅದು ಆತುಕೊಂಡಿದ್ದ ಹಳೆಯ ಮೂಲ ಪ್ರಮಾಣಪತ್ರದ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಲಿತ್ತು. ಅದರ ಸ್ವಂತ ಹೊಸ ಮೂಲವನ್ನು 7.1.1ಕ್ಕಿಂತ ಹಿಂದಿನ ಆಂಡ್ರಾಯ್ಡ್ ಗುರುತಿಸುತ್ತಿರಲಿಲ್ಲ. ಆಗ ಬಳಕೆಯಲ್ಲಿದ್ದ ಆಂಡ್ರಾಯ್ಡ್ ಸಾಧನಗಳಲ್ಲಿ ಅಂಥವು ಶೇ. 33.8. ಮೂರರಲ್ಲೊಂದು ಫೋನಿಗೆ ಅಸಂಖ್ಯ ತಾಣಗಳು ಮುಚ್ಚಿಹೋಗಲಿದ್ದವು.

ಪರಿಹಾರ ಸಿಕ್ಕಿದ್ದು ಒಂದು ವಿಚಿತ್ರ ಗುಣದಿಂದ. ತಾನು ನಂಬಿದ ಮೂಲ ಪ್ರಮಾಣಪತ್ರದ ಅವಧಿ ಮುಗಿದಿದೆಯೇ ಎಂದು ಆಂಡ್ರಾಯ್ಡ್ ನೋಡುತ್ತಿರಲಿಲ್ಲ. ಅದನ್ನೇ ಬಳಸಿ, ಹಳೆಯ ಮೂಲದ ಒಡೆಯನಾದ ಐಡೆನ್‌ಟ್ರಸ್ಟ್ 2024ರ ಸೆಪ್ಟೆಂಬರ್‌ವರೆಗೆ ನಡೆಯುವ ಹೊಸ ಸಹಿ ಹಾಕಿಕೊಟ್ಟಿತು. 2023ರ ಹೊತ್ತಿಗೆ ಹೊಸ ಮೂಲವನ್ನು ನಂಬುವ ಆಂಡ್ರಾಯ್ಡ್ ಸಾಧನಗಳ ಪಾಲು ಶೇ. 66ರಿಂದ 93.9ಕ್ಕೆ ಏರಿತ್ತು. ಆ ಸಹಿ ಹಳೆಯ ಫೋನುಗಳನ್ನು ಹೊಸದಾಗಿಸಲಿಲ್ಲ. ಜನ ತಮ್ಮ ಅನುಕೂಲ ನೋಡಿಕೊಂಡು ಫೋನ್ ಬದಲಿಸಲು ಬೇಕಾದ ಸಮಯ ಕೊಟ್ಟಿತು, ಅಷ್ಟೆ.

ಹಳೆಯ ಆವೃತ್ತಿಗೆ ಬೆಂಬಲವೆಂದರೆ ಮೂಲತಃ ಹೀಗೆ ಕೊಳ್ಳುವ ಸಮಯವೇ. ಪಟ್ಟಣದಲ್ಲಿರುವ ಮಗ ಹೊಸ ಫೋನ್ ಕೊಂಡು ಹಳೆಯದನ್ನು ಊರಿಗೆ ಕಳಿಸುವುದು ನಮ್ಮಲ್ಲಿ ಸಾಮಾನ್ಯ. ಆ ಫೋನಿನ ಬ್ಯಾಟರಿ ನಿಲ್ಲುತ್ತದೆ, ಕರೆಯೂ ಬರುತ್ತದೆ. ಮೊಮ್ಮಗುವಿನ ಫೋಟೊ ಅಲ್ಲಿಗೆ ಇನ್ನೆಷ್ಟು ವರ್ಷ ತಲುಪಬೇಕು ಎಂಬುದನ್ನು ಮಾತ್ರ ಬೇರೆಲ್ಲೋ ಕೂತವರು ಬರೆದ ಒಂದು ಅಂಕಿ ನಿರ್ಧರಿಸುತ್ತದೆ.