ಒಂಬತ್ತನೇ ಮಹಡಿಯ ಬಾಗಿಲು



ಹೊಸೂರಿನ ಕಾರ್ಖಾನೆಗಳಿಗೆ ಪಾಳಿಗೆ ಹೋಗುವವರು, ಸೊಲ್ಲಾಪುರದ ಶೆಡ್ಡುಗಳಲ್ಲಿ ಟವೆಲು ನೇಯುವವರು ನಿಮ್ಮಲ್ಲಿ ಅನೇಕರಿದ್ದೀರಿ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತಮಿಳೋ ಮರಾಠಿಯೋ, ಕಾರ್ಖಾನೆಯ ಗೋಡೆಯ ಮೇಲೆ ಇಂಗ್ಲಿಷು. ಇಂದು ನಾನು ಹೇಳಹೊರಟಿರುವುದು ನೂರು ವರ್ಷಕ್ಕೂ ಹಿಂದಿನ ನ್ಯೂಯಾರ್ಕ್ ನಗರದ ಸಂಗತಿ. ಆದರೆ ಕೇಳುತ್ತ ಹೋದಂತೆ ಅಲ್ಲಿನ ಜನ ನಿಮಗೆ ತೀರ ಪರಕೀಯರೆನಿಸಲಾರರು.

ಆಗ ಆ ನಗರದಲ್ಲಿ ಹೆಂಗಸರು ತೊಡುವ ಮೇಲಂಗಿಗಳನ್ನು ಹೊಲಿಯುವ ಟ್ರಯಾಂಗಲ್ ಎಂಬ ಕಂಪನಿಯಿತ್ತು. ಹತ್ತು ಅಂತಸ್ತಿನ ಕಟ್ಟಡದ ಮೇಲಿನ ಮೂರು ಮಹಡಿಗಳು ಅದರ ವಶದಲ್ಲಿದ್ದವು. ದುಡಿಯುತ್ತಿದ್ದವರು ಸುಮಾರು 500 ಜನ. ಬಹುಪಾಲು ಹದಿಹರೆಯದ ಹೆಣ್ಣುಮಕ್ಕಳು, ಪೂರ್ವ ಯುರೋಪಿನಿಂದಲೂ ಇಟಲಿಯಿಂದಲೂ ಹೊಟ್ಟೆಪಾಡಿಗೆ ಹಡಗು ಹತ್ತಿ ಬಂದವರು. ಯಹೂದಿ ಹುಡುಗಿಯರು ಯಿದ್ದಿಷ್ ಭಾಷೆಯಲ್ಲಿ ಮಾತನಾಡಿಕೊಳ್ಳುತ್ತಿದ್ದರು, ಇಟಲಿಯವರು ಇಟಾಲಿಯನ್ನಿನಲ್ಲಿ.

1911ರ ಮಾರ್ಚ್ 25, ಶನಿವಾರ. ಸಂಜೆ ಸುಮಾರು ನಾಲ್ಕೂಮುಕ್ಕಾಲು, ಕೆಲಸ ಬಿಡುವ ಹೊತ್ತು. ಎಂಟನೇ ಮಹಡಿಯಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ತಿಂಗಳುಗಟ್ಟಲೆ ಕೂಡಿಬಿದ್ದಿದ್ದ ಚಿಂದಿಗೆ ಬೆಂಕಿ ತಗುಲಿತು. ಯಾರೋ ಎಸೆದ ಬೆಂಕಿಕಡ್ಡಿಯೋ ಸಿಗರೇಟಿನ ತುಂಡೋ ಇದ್ದೀತೆಂದು ಊಹಿಸಲಾಗಿದೆ. ತೆಳುವಾದ ಹತ್ತಿ ಬಟ್ಟೆ, ತೆಳು ಕಾಗದ. ಉರಿ ಹಬ್ಬಲು ಇನ್ನೇನು ಬೇಕು? ಎಂಟನೇ ಮಹಡಿಯವರು ಹತ್ತನೆಯದಕ್ಕೆ ಟೆಲಿಫೋನ್ ಮಾಡಿದರು. ಅಲ್ಲಿದ್ದ ಮಾಲೀಕರೂ ಉಳಿದವರೂ ಛಾವಣಿಗೆ ಹತ್ತಿ ಪಕ್ಕದ ಕಟ್ಟಡಕ್ಕೆ ದಾಟಿ ಹೆಚ್ಚುಕಡಿಮೆ ಎಲ್ಲರೂ ಉಳಿದುಕೊಂಡರು. ನಡುವಿನ ಒಂಬತ್ತನೇ ಮಹಡಿಗೆ ಮಾತ್ರ ಸುದ್ದಿ ಮುಟ್ಟಲಿಲ್ಲ. ಅವರಿಗೆ ಸುದ್ದಿ ತಂದದ್ದು ಬೆಂಕಿಯೇ.

ಆ ಮಹಡಿಗೆ ಎರಡು ಮೆಟ್ಟಿಲುಗಳಿದ್ದವು. ಒಂದನ್ನು ಉರಿ ನುಂಗಿತು. ಇನ್ನೊಂದರ ಬಾಗಿಲಿಗೆ ಬೀಗ. ಏಕೆಂದರೆ ಹುಡುಗಿಯರು ಒಂದು ತುಂಡು ಬಟ್ಟೆ ಕದ್ದೊಯ್ಯಬಾರದೆಂದು, ಎಲ್ಲರೂ ಒಂದೇ ಬಾಗಿಲಿನಿಂದ ಚೀಲ ತೋರಿಸಿ ಹೊರಡಬೇಕಿತ್ತು. ಹೊರಗಿನ ಕಬ್ಬಿಣದ ಏಣಿ ಜನರ ಭಾರಕ್ಕೆ ಕುಸಿಯಿತು. ಲಿಫ್ಟ್ ನಡೆಸುವವರು ಆದಷ್ಟು ಸಲ ಮೇಲೆ ಕೆಳಗೆ ಓಡಾಡಿ ಅನೇಕರನ್ನು ಬದುಕಿಸಿದರು. ಆ ಮಹಾನುಭಾವರನ್ನು ನೆನೆಯದೆ ಮುಂದೆ ಹೋಗಬಾರದು. ಅಗ್ನಿಶಾಮಕ ದಳದ ಏಣಿ ಆರನೇ ಮಹಡಿಯವರೆಗಷ್ಟೇ ಎಟುಕಿತು. ಕಿಟಕಿಯಿಂದ ಧುಮುಕಿದವರ ರಭಸಕ್ಕೆ ಕೆಳಗೆ ಹಿಡಿದ ಬಲೆಗಳು ಹರಿದವು. ಅರ್ಧ ಗಂಟೆಯೊಳಗೆ ಎಲ್ಲ ಮುಗಿದಿತ್ತು. ಸತ್ತವರು 146 ಜನ. ಅವರಲ್ಲಿ 123 ಮಂದಿ ಹೆಂಗಸರು ಮತ್ತು ಹುಡುಗಿಯರು.

ಆಗ ಕಾನೂನೇ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಕೆಲಸದ ವೇಳೆಯಲ್ಲಿ ಬಾಗಿಲಿಗೆ ಬೀಗ ಹಾಕಬಾರದು, ಸಾಧ್ಯವಿದ್ದಲ್ಲಿ ಬಾಗಿಲು ಹೊರಕ್ಕೆ ತೆರೆಯಬೇಕು ಎಂದು ಬರೆದಿತ್ತು. ಆ ‘ಸಾಧ್ಯವಿದ್ದಲ್ಲಿ’ ಎಂಬ ಒಂದು ಮಾತಿನಲ್ಲಿ ಎಷ್ಟು ಜನ ನುಸುಳಿದರೋ! ಮೆಟ್ಟಿಲ ಬಳಿ ಜಾಗ ಕಿರಿದು, ಹೊರಕ್ಕೆ ತೆರೆಯಲು ಸಾಧ್ಯವಿಲ್ಲ, ಅಷ್ಟಕ್ಕೇ ಮುಗಿಯಿತು.

ಅದೇ ವರ್ಷದ ಡಿಸೆಂಬರಿನಲ್ಲಿ ಮಾಲೀಕರ ವಿಚಾರಣೆ ನಡೆಯಿತು. ಬದುಕುಳಿದ ಒಬ್ಬ ಹುಡುಗಿ ಬೀಗದ ಬಾಗಿಲಿನ ಬಳಿ ಕಂಡದ್ದನ್ನು ಸಾಕ್ಷಿ ನುಡಿದಳು. ಎದುರು ಪಕ್ಷದ ವಕೀಲರು ಅದನ್ನೇ ಮತ್ತೆ ಮತ್ತೆ ಹೇಳಿಸಿದರು. ಆಕೆ ಪ್ರತಿ ಸಲವೂ ಹೆಚ್ಚುಕಡಿಮೆ ಅವೇ ಮಾತುಗಳಲ್ಲಿ ಹೇಳಿದಳು. ನೋಡಿ, ಇದು ಕಲಿಸಿಕೊಟ್ಟ ಪಾಠ ಎಂದರು ವಕೀಲರು. ಪರಭಾಷೆಯಲ್ಲಿ ಕೋರ್ಟಿನ ಕಟಕಟೆ ಹತ್ತಿದವರಿಗೆ ಗೊತ್ತು, ಕಷ್ಟಪಟ್ಟು ಜೋಡಿಸಿಕೊಂಡ ನಾಲ್ಕು ವಾಕ್ಯವನ್ನು ಬಿಟ್ಟು ಐದನೆಯದು ನಾಲಗೆಗೆ ಬರುವುದಿಲ್ಲ. ಬೀಗ ಹಾಕಿದ್ದು ಮಾಲೀಕರಿಗೆ ಗೊತ್ತಿತ್ತೆಂದು ಸಾಬೀತಾಗಲಿಲ್ಲ. ಅವರ ಬಿಡುಗಡೆಯಾಯಿತು.

ಆದರೆ ಊರು ಸುಮ್ಮನಾಗಲಿಲ್ಲ. ತನಿಖಾ ಆಯೋಗ ಕುಳಿತು ಕಾರ್ಖಾನೆಗಳನ್ನೆಲ್ಲ ಸುತ್ತಿತು. ಮುಂದಿನ ಮೂರು ವರ್ಷಗಳಲ್ಲಿ ಆ ರಾಜ್ಯ ಮೂವತ್ತಕ್ಕೂ ಹೆಚ್ಚು ಕಾರ್ಮಿಕ ಕಾನೂನುಗಳನ್ನು ಮಾಡಿತು. ಅಂದು ಬೀದಿಯಲ್ಲಿ ನಿಂತು ಬೆಂಕಿಯನ್ನು ಕಣ್ಣಾರೆ ಕಂಡಿದ್ದ ಫ್ರಾನ್ಸಿಸ್ ಪರ್ಕಿನ್ಸ್ ಎಂಬಾಕೆ 1933ರಲ್ಲಿ ಅಮೆರಿಕದ ಕಾರ್ಮಿಕ ಸಚಿವೆಯಾದರು.

ಇನ್ನು ನಮ್ಮ ದೇಶದ ಮಾತು. ಬ್ರಿಟಿಷರ ಮಾದರಿಯಲ್ಲಿ ಬೆಳೆದ ನಮ್ಮ 1948ರ ಕಾರ್ಖಾನೆ ಕಾಯಿದೆಯ 38ನೇ ಕಲಮು, ಒಳಗೆ ಜನರಿರುವಾಗ ಬಾಗಿಲಿಗೆ ಬೀಗ ಕೂಡದು, ಬಾಗಿಲು ಹೊರಕ್ಕೇ ತೆರೆಯಬೇಕು ಎಂದು ವಿಧಿಸಿತು. ಅದರಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಮಾತು ಇನ್ನೊಂದು: ತುರ್ತು ದಾರಿಯ ಗುರುತನ್ನು ಕೆಂಪು ಅಕ್ಷರಗಳಲ್ಲಿ, ಹೆಚ್ಚಿನ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿ ಬರೆಯಬೇಕು, ಇಲ್ಲವೇ ಎಲ್ಲರಿಗೂ ಸ್ಪಷ್ಟವಾಗುವ ಚಿಹ್ನೆ ಹಾಕಬೇಕು. ಸರಕಾರದ ಭಾಷೆಯಲ್ಲಿ ಎಂದಿಲ್ಲ, ಮಾಲೀಕರ ಭಾಷೆಯಲ್ಲಿ ಎಂದೂ ಇಲ್ಲ. 1976ರ ತಿದ್ದುಪಡಿಯಲ್ಲಿ ಈ ವಿವರಗಳೆಲ್ಲ ರಾಜ್ಯಗಳ ನಿಯಮಗಳ ಪಾಲಿಗೆ ಹೋದವು.

ಗಡಿಯ ಜನರಿಗೆ ಬೆಂಕಿಯ ಸುದ್ದಿ ಹೊಸದಲ್ಲ. 2023ರ ಅಕ್ಟೋಬರಿನಲ್ಲಿ ಹೊಸೂರಿನ ಈಚೆಗೆ ಅತ್ತಿಬೆಲೆಯ ಪಟಾಕಿ ಗೋದಾಮು ಉರಿದಾಗ ಸತ್ತವರಲ್ಲಿ ಹೆಚ್ಚಿನವರು ದೀಪಾವಳಿಯ ಕೂಲಿಗೆಂದು ತಮಿಳುನಾಡಿನಿಂದ ಬಂದ ಹುಡುಗರು. 2025ರ ಮೇ ತಿಂಗಳಲ್ಲಿ ಸೊಲ್ಲಾಪುರದ ಅಕ್ಕಲಕೋಟೆ ರಸ್ತೆಯ ಟವೆಲು ಕಾರ್ಖಾನೆಯಲ್ಲಿ ಎಂಟು ಜನ ತೀರಿಕೊಂಡರು. ಅಲ್ಲಿ ಕೆಲಸಗಾರರ ಜೊತೆ ಮಾಲೀಕರ ಮನೆಯವರೂ ಇದ್ದರು.

ನ್ಯೂಯಾರ್ಕಿನ ಆ ಕಟ್ಟಡ ಇಂದಿಗೂ ನಿಂತಿದೆ. ಈಗ ಅದು ವಿಶ್ವವಿದ್ಯಾಲಯದ್ದು. 2023ರ ಅಕ್ಟೋಬರಿನಲ್ಲಿ ಅದರ ಗೋಡೆಗೆ ಉಕ್ಕಿನ ಸ್ಮಾರಕವೊಂದನ್ನು ಕೂರಿಸಿ, ಸತ್ತವರ ಹೆಸರುಗಳನ್ನು ಕೊರೆದಿದ್ದಾರೆ. ಬರಹ ಮೂರು ಭಾಷೆಗಳಲ್ಲಿದೆ: ಇಂಗ್ಲಿಷು, ಯಿದ್ದಿಷ್, ಇಟಾಲಿಯನ್.